ಕುರಿಮರಿ ಯಾವ ಕಡೆಗಿತ್ತು

ತಿ. ನರಸೀಪುರ
೧೨-೦೨-೨೦೨೪

ಪ್ರೀತಿಯ ಕೃಪಾ,

ನಿನ್ನ ಕ್ರಿಸ್ಮಸ್ ಕಾರ್ಡಿಗೆ ಉತ್ತರ ಬರೆಯುವಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂತು. ಬೈದುಕೋ, ಆದರೆ ಓದಿ ಮುಗಿಸಿದ ಮೇಲೆ. ಫೋನಿನಲ್ಲಾದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಮಂಡಿನೋವು ಹಾಗೇ ಇದೆ, ನಾಲಿಗೆಗೆ ಏನೂ ಆಗಿಲ್ಲ.

ನಿಮ್ಮ ಚರ್ಚಿನ ಸುದ್ದಿ ಕೇಳು. ವಿಕ್ಟೋರಿಯಾ ರಾಣಿ ಕಾಲದ ಕಟ್ಟಡದಲ್ಲಿ ಈಗ ಜನ ಹಿಡಿಸುವುದಿಲ್ಲವೆಂದು ಪೀಠದ ಹಿಂದಿನ ಗೋಡೆ ಕೆಡವಿ, ನಮ್ಮ ಹಿತ್ತಲಿನ ಕಡೆಗೆ ಉದ್ದ ಮಾಡಿದ್ದಾರೆ. ಆ ಗೋಡೆಯ ಬಣ್ಣದ ಗಾಜಿನ ಕಿಟಕಿಯನ್ನು, ಅದೇ ಯೇಸು ಕುರಿಮರಿ ಎತ್ತಿಕೊಂಡಿರುವುದನ್ನು, ಚೌಕಟ್ಟು ಸಮೇತ ಇಳಿಸಿ ಹೊಸ ಗೋಡೆಗೆ ಕೂರಿಸಬೇಕಿತ್ತು. ತಾಂಡ್ಯದಿಂದ ಬಂದ ಗಾಜಿನ ಕೆಲಸದ ನಂಜೇಶನಿಗೆ ಯಾವ ಮುಖ ಒಳಕ್ಕೆ ಎಂದು ಅನುಮಾನ. ಪಾದ್ರಿಗಳು ಹೊಸಬರು, ಅವತ್ತು ಊರಲ್ಲೂ ಇರಲಿಲ್ಲ. ಕಾಂಪೌಂಡಿನ ಮೇಲಿಂದ ಟೀ ಕೊಡುತ್ತಿದ್ದ ನನ್ನನ್ನೇ ಕೇಳಿದ: “ಅಮ್ಮಾ, ಕುರಿಮರಿ ಯಾವ ಕಡೀಕಿತ್ತು?”

ಅದನ್ನು ನನ್ನನ್ನು ಕೇಳಬೇಕೆ? ಸಂಜೆ ಪ್ರಾರ್ಥನೆಗೆ ಒಳಗೆ ದೀಪ ಹಾಕಿದಾಗೆಲ್ಲ ಹಿತ್ತಲಿನಿಂದ ಆ ಕಿಟಕಿ ನೋಡಿಕೊಂಡೇ ಬೆಳೆದವಳು ನಾನು. ಕುರಿಮರಿ ಎಡಕ್ಕೆ ಎಂದು ನಾನು, ಬಲಕ್ಕೆ ಎಂದು ನೀನು, ಜಡೆ ಹಿಡಿದು ಕಿತ್ತಾಡಿದ್ದು ಮರೆತೆಯಾ? ಕೊನೆಗೂ ಗೆದ್ದೆ ಅಂದುಕೊಂಡು ಎಡಕ್ಕೆ ಎಂದುಬಿಟ್ಟೆ. ಅವನು ಒಳಗೆ ನಿಂತವರಿಗೆ ಎಡಕ್ಕೆ ಕಾಣುವಂತೆ ಕೂರಿಸಿದ.

ನಿನ್ನೆ ಭಾನುವಾರ ಆರಾಧನೆ ಅರ್ಧಕ್ಕೇ ನಿಂತಿತಂತೆ. ಮುಂದಿನ ಬೆಂಚಿನ ಎಸ್ತರಮ್ಮ ಎದ್ದು, “ಕುರಿಮರಿ ಅತ್ಲಾಗೆ ಓಗ್ಬುಟ್ಟದಲ್ಲ ಅಯ್ಯನೋರೆ” ಎಂದರಂತೆ. ಪಾದ್ರಿಗಳು ನಗುತ್ತಲೇ ನಮ್ಮ ಮನೆಗೆ ಬಂದು, ನೀವೇ ಒಳಗೆ ಬಂದು ನೋಡಿ ಎಂದು ಕರೆದುಕೊಂಡು ಹೋದರು. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು, ನನ್ನ ಸೆರಗೆಲ್ಲ ಕೆಂಪು, ನೀಲಿ. ಹೊರಗಿನವರಿಗೆ ಎಡ ಅಂದರೆ ಒಳಗಿನವರಿಗೆ ಬಲ ಎನ್ನುವ ಬುದ್ಧಿ, ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದ ಈ ಮೇಡಮ್ಮಿಗೆ ಆಗ ಬಂತು. ಹಣೆ ಚಚ್ಚಿಕೊಂಡು ನಕ್ಕೆ.

ಶನಿವಾರ ನಂಜೇಶ ಬಂದು ತಿರುಗಿಸುತ್ತಾನೆ, ಆಮೇಲೆ ಸಿಮೆಂಟು. ನನ್ನ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ಒಳಗೆ ಕೂತು ನೋಡಿದವಳು ನೀನೇ ಬಂದು ಹೇಳಬೇಕು. ನಂಜನಗೂಡಿನಿಂದ ಒಂದೇ ಬಸ್ಸು. ಭಾನುವಾರದ ಆರಾಧನೆ ಮುಗಿಸಿಕೊಂಡೇ ಹೋಗು.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಯೇಸುಸ್ವಾಮಿಯೂ ನಮ್ಮ ನಂಜುಂಡನೂ ಸೇರಿ ನಿನ್ನನ್ನು ಬಸ್ಸು ಹತ್ತಿಸಲಿ.

ನಿನ್ನ
ಮಂಗಳಗೌರಿ

ತಾ.ಕ.: ಜೀವಮಾನದಲ್ಲಿ ಮೊದಲ ಸಲ ಆ ಚರ್ಚಿನೊಳಗೆ ಕಾಲಿಟ್ಟು, ಅಲ್ಲಿ ನಗುತ್ತ ನಿಂತವಳಿಗೆ ಅಳು ಬಂತು ಕಣೇ. ಚಿಕ್ಕಂದಿನಲ್ಲಿ ನಿನ್ನ ಪ್ರಾರ್ಥನೆ ಮುಗಿಯುವವರೆಗೂ ಗೇಟಿನ ಹತ್ತಿರ ಕಾಯುತ್ತಿದ್ದೆ. ಒಂದು ದಿನವೂ ಒಳಗೆ ಬಾ ಅನ್ನಲಿಲ್ಲವಲ್ಲ ಎಂದು ಇಷ್ಟು ವರ್ಷ ನಿನ್ನ ಮೇಲೆ ನೋವಿತ್ತು. ಆದರೆ ನೀನು ಹೇಗೆ ಕರೆಯುತ್ತಿದ್ದೆ? ನಮ್ಮಜ್ಜಿ ಗುರುಸಿದ್ದಮ್ಮ ನಿನಗೆಂದೇ ಜಗಲಿಯಲ್ಲಿ ಬೇರೆ ಲೋಟ ಇಟ್ಟಿದ್ದರು. ನೀನೇ ಕುಡಿದು, ನೀನೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದೆ. ನಮ್ಮ ಮನೆಯನ್ನು ನೀನೂ ಹೊರಗಿನಿಂದಲೇ ನೋಡಿದವಳು. ಶನಿವಾರ ಜಗಲಿಯಲ್ಲಿ ಕೂರಬೇಡ. ಸೀದಾ ಅಡುಗೆಮನೆಗೆ ಬಾ, ಕಾಫಿ ಬೆರೆಸುತ್ತಿರುತ್ತೇನೆ.