ಗೂಟದಲ್ಲಿ ಉಳಿದ ಇಳಕಲ್ ಚೀಲ

ಗದಗ, ಫೆಬ್ರುವರಿ 30, 2187

ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತು ಗೊಣಗುತ್ತಿರುವ ಹಿರಿಯರಿಗೆ, ನೀಲಗಂಗವ್ವನ ನಮಸ್ಕಾರ.

ಫೆಬ್ರುವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಪಂಚಾಂಗ ತಿದ್ದಿದವಳು ನಾನಲ್ಲ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೂ ಕ್ಷಮಿಸಿ. ನಿಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದಾಗ ನೀವು ಅಂಗಡಿಯವರ ಮೇಲೆ ಹರಿಹಾಯ್ದಿರಂತೆ, ಟೊಮೆಟೊವನ್ನು ಸೆರಗಿನಲ್ಲಿ, ಹೆಲ್ಮೆಟ್ಟಿನಲ್ಲಿ ತುಂಬಿಕೊಂಡು ಹೋದಿರಂತೆ. ಕೇಳಿ ಬಹಳ ನಕ್ಕಿದ್ದೇನೆ.

ಆ ಗೋಳಿನಿಂದಲೇ ನಮ್ಮ ‘ಗೂಟದ ಚೀಲ’ ಹುಟ್ಟಿತು. ಪ್ರತಿ ಮನೆಯವರೂ ತಮ್ಮ ಹೆಸರು, ಓಣಿ ಹೊಲಿದ ಒಂದು ಬಟ್ಟೆಯ ಚೀಲವನ್ನು ಅಂಗಡಿಯ ಗೂಟಕ್ಕೆ ಹಾಕಿರುತ್ತಾರೆ. ಚೀಲ ಮರೆತು ಬಂದವರು ಅದರಲ್ಲೊಂದನ್ನು ಒಯ್ಯಬಹುದು. ಆದರೆ ಮರಳಿಸುವುದು ಅಂಗಡಿಗಲ್ಲ, ಚೀಲದವರ ಮನೆಗೆ. ಖಾಲಿ ಕೊಡುವಂತಿಲ್ಲ, ಲಿಂಬೆಹಣ್ಣೋ ಹಿಡಿ ಶೇಂಗಾವೋ ಹಾಕಿರಬೇಕು. ಮನೆಯವರೂ ಚಹಾ ಕುಡಿಸದೆ ಕಳಿಸುವಂತಿಲ್ಲ. ನನ್ನ ಗಂಡ ಮೊದಲ ಸಲ ನಮ್ಮ ಹೊಸ್ತಿಲು ತುಳಿದದ್ದು ನಮ್ಮವ್ವನ ಚೀಲ ಮರಳಿಸಲು, ಅದರಲ್ಲಿ ಎರಡು ಬದನೆಕಾಯಿ ಹಾಕಿಕೊಂಡು.

ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಯಾರೂ ಬರುವುದಿಲ್ಲ. ಜನ ಈಗ ಬಹಳ ಶಿಸ್ತಿನವರು, ಚಪ್ಪಲಿ ಮರೆತರೂ ಚೀಲ ಮರೆಯುವುದಿಲ್ಲ. ನಿಮಗೆ ಇದು ಸಂತೋಷದ ಸುದ್ದಿ. ನನಗೆ ಮಾತ್ರ ಸಿಟ್ಟು ಬರುತ್ತದೆ. ಯಾರಾದರೂ ಆಸೆಪಟ್ಟು ಒಯ್ಯಲಿ ಎಂದು ನನ್ನ ಮದುವೆಯ ಇಳಕಲ್ ಸೀರೆ ಕತ್ತರಿಸಿ ಹೊಸ ಚೀಲ ಹೊಲಿದು ಹಾಕಿದೆ. ಮಳೆಗಾಲ ಹೋಗಿ ಚಳಿಗಾಲ ಬಂದರೂ ಅದು ಅಲ್ಲೇ ಇತ್ತು. ಅಪರೂಪಕ್ಕೆ ಬರಿಗೈಯಲ್ಲಿ ಬಂದವರೂ ಪಕ್ಕದ ಹಳೆಯ ಚೀಲವನ್ನೇ ಒಯ್ದರು. ಅಂಗಡಿಯ ಚನ್ನವೀರಪ್ಪನನ್ನು ಕೇಳಿದರೆ, “ಅಲ್ರೀ ಅಕ್ಕಾರ, ಇಷ್ಟು ಚಂದದ ಸೀರ್ಯಾಗ ಮಣ್ಣು ಹತ್ತಿದ ಗಜ್ಜರಿ ಹೆಂಗ ತುಂಬತಾರ್ರೀ ಮಂದಿ?” ಎಂದ.

ಇವತ್ತು ಅದನ್ನು ಮನೆಗೆ ತಂದೆ. ಅರಿಸಿನದ ನೀರಿನಲ್ಲಿ ಅದ್ದಿದೆ, ಅಂಗಳದ ಮಣ್ಣಿನಲ್ಲಿ ತಿಕ್ಕಿದೆ. ಸೆರಗಿನ ಕೆಂಪು ಮಾಸುವಾಗ ಅಳು ಬಂತು, ಅತ್ತುಬಿಟ್ಟೆ. ಒಣಗಿಸಿ ಮತ್ತೆ ಗೂಟಕ್ಕೆ ಹಾಕಿ ಬಂದೆ.

ನನ್ನದೊಂದು ಕೋರಿಕೆ. ಅಂಗಡಿಯ ಮುಂದೆ ನಿಮ್ಮ ಸಾಲಿನಲ್ಲಿ ಯಾರಾದರೂ ಬರಿಗೈಯಲ್ಲಿ ನಿಂತಿದ್ದರೆ ಬುದ್ಧಿ ಹೇಳಬೇಡಿ. ನಿಮ್ಮ ಚೀಲ ಕೊಟ್ಟು ಮನೆಯ ಗುರುತು ಹೇಳಿ.

ಇಲ್ಲಿ ಒಲೆಯ ಮೇಲೆ ಇಬ್ಬರಿಗಾಗುವಷ್ಟು ಚಹಾದ ನೀರಿದೆ. ಕುದಿದು ಇಳಿದಂತೆಲ್ಲ ಮತ್ತೆ ನೀರು ಹಾಕುತ್ತಿದ್ದೇನೆ.

ನಿಮ್ಮ ಮರಿಮಕ್ಕಳ ಮರಿಮಕ್ಕಳ ಪೈಕಿ ಒಬ್ಬಳು,
ನೀಲಗಂಗವ್ವ