ತಾತನ ಗಾಡಿಮನೆ ಸುಟ್ಟದ್ದು ಅಜ್ಜಿಯ ಮಾತಿಗೆ

ಮಾನ್ಯ ಮೇಲ್ವಿಚಾರಣಾಧಿಕಾರಿಗಳೇ,

ನನ್ನ ಅಜ್ಜಿ ನೋನಿ ಸ್ಟೋಕ್ಸ್ ಇಪ್ಪತ್ತಾರು ದಿನಗಳಿಂದ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದಾಳೆ. ಅವಳನ್ನು ನನ್ನಿಂದ ಬಿಡಿಸಿ ಗಾಲ್ವೇ ಊರಾಚೆಯ ಆರೈಕೆ ಮನೆಗೆ ಸೇರಿಸಿದವರು ನೀವು. ನಿಮ್ಮ ಪತ್ರ ಕೊಟ್ಟ ಕಾರಣ ಒಂದೇ ಸಾಲು: ಮುಖತ್ಯಾರಳಾದ ನಾನು ಅವಳ ಆಸ್ತಿಯನ್ನು ನಾಶ ಮಾಡಿದೆ.

ಹೌದು, ತಾತನ ಗಾಡಿಮನೆಗೆ ಬೆಂಕಿ ಇಟ್ಟವಳು ನಾನೇ. ಗಾಡಿಯೇ ಮನೆಯಾದ ಅಲೆಮಾರಿಗಳು ನಾವು; ನಮ್ಮಲ್ಲಿ ಸತ್ತವರ ಗಾಡಿಯಲ್ಲಿ ಯಾರೂ ವಾಸ ಮಾಡುವುದಿಲ್ಲ, ಅದನ್ನು ಮಾರುವುದೂ ಇಲ್ಲ. ಮಂಚ, ಟೋಪಿ, ಚಹಾದ ಲೋಟ ಸಮೇತ ಸುಟ್ಟುಬಿಡುತ್ತೇವೆ. ಸುಟ್ಟರೇ ಸತ್ತವರು ಅದನ್ನು ಬಿಟ್ಟು ಹೋಗುವುದು. ಆ ಗಾಡಿ ಕಾಗದದಲ್ಲಿ ಅಜ್ಜಿಯ ಹೆಸರಿನಲ್ಲಿತ್ತು. ತಾತ ತೀರಿಕೊಂಡ ಮೇಲೆ ಅಜ್ಜಿಯನ್ನು ನನ್ನ ಗಾಡಿಗೆ ಕರೆತಂದಿದ್ದೆ. ಅಷ್ಟರಲ್ಲಿ ಅವಳ ನೆನಪು ಮಸುಕಾಗಿತ್ತು. ಆದರೂ ದಿನಾ ಬೆಳಿಗ್ಗೆ ಕಿಟಕಿಯಿಂದ ಆ ಗಾಡಿ ನೋಡಿ ಅಳುತ್ತಿದ್ದಳು.

"ಟೆಸ್ಸಿ, ನಿನ್ ತಾತನ್ನ ಯಾಕೇ ಹಿಡ್ಕೊಂಡು ಕೂತಿದೀಯ? ಹೋಗೋಕೆ ಬಿಡೇ ಅವನ್ನ."

ನಮ್ಮ ಚಿಕ್ಕಪ್ಪ ಅವಳನ್ನು ನಗಿಸಲು, "ಮಾರ್ಬಿಡೋಣ ಬಿಡವ್ವ. ಕೊಂಡೋನ ಪಕ್ಕ ಮಲ್ಕೊಂಡು ಅಪ್ಪ ಗೊರಕೆ ಹೊಡೀತಾನೆ" ಎಂದ. ಅಜ್ಜಿ ನಗಲಿಲ್ಲ.

ಆರನೇ ತರಗತಿಗೇ ಶಾಲೆ ಬಿಟ್ಟ ನಾನು ಮುಖತ್ಯಾರರಿಗೆಂದು ನೀವು ಕೊಟ್ಟ ಕೈಪಿಡಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೇನೆ. ಅಜ್ಜಿಯ ಹಣವನ್ನು ನನ್ನದರೊಂದಿಗೆ ಬೆರೆಸಬಾರದು. ಬೆರೆಸಿಲ್ಲ. ವರ್ಷಕ್ಕೊಮ್ಮೆ ವರದಿ ಕೊಡಬೇಕು. ಕೊಟ್ಟಿದ್ದೇನೆ. ಅವಳ ಹಿಂದಿನ ಮತ್ತು ಈಗಿನ ಇಚ್ಛೆಗೆ, ನಂಬಿಕೆಗೆ ಬೆಲೆ ಕೊಡಬೇಕು ಎಂದೂ ಅದೇ ಪುಸ್ತಕದಲ್ಲಿದೆ. ಆ ಪುಟ ನಿಮ್ಮ ಕಚೇರಿಯ ಪ್ರತಿಯಲ್ಲಿ ಅಚ್ಚಾಗಿಲ್ಲವೇ?

ತಪ್ಪು ನನ್ನದೂ ಇದೆ. ಸುಡುವ ಮೊದಲು ನಿಮ್ಮನ್ನು ಕೇಳಲಿಲ್ಲ. ಮುಖತ್ಯಾರ ಪತ್ರ ಮಾಡಿಸಿದ ದಿನ, ಅಜ್ಜಿಗೆ ಬುದ್ಧಿ ನೆಟ್ಟಗಿದ್ದಾಗ, ವಕೀಲರು "ಇನ್ನೇನಾದ್ರೂ ಬರೀಬೇಕಾ, ನೋನಿ?" ಎಂದು ಕೇಳಿದ್ದರು. ಗಾಡಿಯ ಮಾತು ಆಗಲೇ ಬರೆಸಬಹುದಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಬರೆಸಬೇಕೆಂದು ನಮಗೆ ಹೊಳೆಯಲೇ ಇಲ್ಲ.

ವಿಚಾರಣೆಗೆ ಬಂದ ನಿಮ್ಮ ಮೇಡಂ ಕೇಳಿದ್ದು ಒಂದೇ: "ಮಾರಬಹುದಿತ್ತಲ್ಲಮ್ಮಾ?"

"ತಾತ ತೀರ್ಕೊಂಡ್ರಲ್ಲ ಮೇಡಂ, ಅವ್ರ ಗಾಡಿ ಅದು."

"ಅದು ಗೊತ್ತು. ಮಾರಬಹುದಿತ್ತಲ್ಲಾ?"

ನನ್ನ ಮೌನವನ್ನು ಅವರು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಆಮೇಲೆ ನೀವು ನನ್ನ ಅಧಿಕಾರವನ್ನು ತಡೆಹಿಡಿದು, ಅಜ್ಜಿಯ "ಸುರಕ್ಷತೆ"ಗಾಗಿ ಅವಳಿಗೆ ಎಂಥ ಕೋಣೆ ಕೊಟ್ಟಿರಿ ಗೊತ್ತೇ? ಅಲ್ಲಿದ್ದ ಮುದುಕಿ ಹಿಂದಿನ ವಾರವಷ್ಟೇ ತೀರಿಕೊಂಡಿದ್ದಳು. ಮಂಚ ಅವಳದೇ. ಅಲ್ಲಿನ ಕೆಲಸದಾಕೆ ಈ ವಿಷಯ ಹೇಳಿದ್ದನ್ನು ಅಜ್ಜಿ ಕೇಳಿಸಿಕೊಂಡಿದ್ದಾಳೆ. ನನ್ನ ಹೆಸರು ಮರೆಯುತ್ತಾಳೆ, ಅದನ್ನು ಮಾತ್ರ ಮರೆತಿಲ್ಲ. ಅಲ್ಲಿನ ಕಡತದಲ್ಲಿ "ಹಾಸಿಗೆ ಬೇಡವೆಂದು ಹಟ" ಎಂದು ಬರೆದಿದ್ದಾರೆ. ಕೂತು ಕೂತು ಅವಳ ಕಾಲು ಬಾತುಕೊಂಡಿದೆ.

ಭಾನುವಾರ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಇದು ಅವಳ ಜಾಗ ಕಣೇ. ಅವಳು ಬಂದು ಕೇಳಿದ್ರೆ ಏನಂತ ಹೇಳ್ಲಿ?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೋಗಿ ಅವಳಿಗೇ ಹೇಳಿ.

ನನ್ನ ಮೇಲಿನ ವಿಚಾರಣೆ ಎಷ್ಟು ತಿಂಗಳಾದರೂ ನಡೆಯಲಿ, ಕರೆದಾಗ ಬರುತ್ತೇನೆ. ಅಲ್ಲಿಯವರೆಗೆ ಅಜ್ಜಿಯನ್ನು ನನ್ನ ಗಾಡಿಗೆ ಕಳಿಸಿಕೊಡಿ. ಅದಾಗದಿದ್ದರೆ, ಯಾರೂ ಪ್ರಾಣ ಬಿಟ್ಟಿರದ ಒಂದು ಮಂಚವನ್ನು ಇವತ್ತೇ ಹಾಕಿಸಿಕೊಡಿ. ಅವಳು ಒಮ್ಮೆ ಕಾಲು ಚಾಚಿ ಮಲಗಲಿ.

ಇಂತಿ,
ಅಜ್ಜಿಯ ಮಾತು ನಡೆಸಿ ಅಜ್ಜಿಯನ್ನೇ ಕಳೆದುಕೊಂಡ
ಟೆಸ್ಸಿ ಸ್ಟೋಕ್ಸ್