ಯಜಮಾನರಿಗೆ ಹುಷಾರಿಲ್ಲ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ನಿಮಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಕ್ರೇನಿನ ಸೀಟು ಮರದ ಹಲಗೆಯ ಹಾಗಿದೆ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ನಾನು ಹೊಲಿದು ಕಳಿಸಿದ ದಿಂಬು ಹಾಕಿಕೊಂಡು ಕೂರುತ್ತಿದ್ದೀರೋ, ಇಲ್ಲ ಜೊತೆಯವರು ನಗುತ್ತಾರೆ ಎಂದು ಪೆಟ್ಟಿಗೆಯಲ್ಲಿಟ್ಟಿದ್ದೀರೋ? ನಗುವವರು ನಗಲಿ ಬಿಡಿ, ನೋಯುವ ಬೆನ್ನು ಅವರದ್ದಲ್ಲವಲ್ಲ. ಗಾಳಿ ಜೋರಾದರೆ ಮೇಲಿಂದ ಇಳಿಸಿಬಿಡುತ್ತಾರೆ ಎಂದಿದ್ದಿರಿ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ? ಇಲ್ಲಿ ಕಿಟಕಿ ಬಾಗಿಲು ಬಡಿದುಕೊಂಡರೆ ಸಾಕು, ಮಾವನವರು ಕೆಲಸ ನಿಲ್ಲಿಸಿ ಆಕಾಶ ನೋಡುತ್ತಾರೆ. ಸೇತುವೆಯ ಎರಡು ತುದಿ ನಡುವೆ ಬಂದು ಕೂಡುವ ತನಕ ಯಾರಿಗೂ ರಜೆ ಇಲ್ಲ ಎಂದು ಬರೆದಿರಲ್ಲ, ಅಂದಿನಿಂದ ಅವರು ಬೆಳಿಗ್ಗೆ ಎದ್ದ ಕೂಡಲೇ "ಕೂಡ್ತಂತಾ?" ಎಂದು ನನ್ನನ್ನು ಕೇಳುತ್ತಾರೆ. ನನಗೆ ಯಾರು ಹೇಳಬೇಕು? ಫೋನ್ ಮಾಡಿದರೆ ನಿಮಗಿಂತ ಮೊದಲು ಫೋನಿನೊಳಗಿನ ಆ ರೆಕಾರ್ಡಿನ ಹೆಂಗಸೇ ಬಾಯಿ ಹಾಕಿ, ನೀವು ಸಿಗುವುದಿಲ್ಲ ಎಂದು ಹೇಳಿಬಿಡುತ್ತಾಳೆ. ಅವಳ ದನಿ ಈಗ ನನಗೆ ನಿಮ್ಮ ದನಿಗಿಂತ ಹೆಚ್ಚು ಪರಿಚಯ.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಮಾವನವರ ಗಡಿಯಾರ ರಿಪೇರಿ ನಡೆಯುತ್ತಿದೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂತು, ಒಂದು ಕಣ್ಣಿಗೆ ಆ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಲ್ಲಿ ಬೀದಿ ಕಾಯುತ್ತಾರೆ. ನನ್ನ ರಟ್ಟಿನ ಡಬ್ಬಿಯ ಕೆಲಸಕ್ಕೂ ಬಿಡುವಿಲ್ಲ. ಈಗ ಕೇಕಿನ ಡಬ್ಬಿಗಳದ್ದೇ ಕಾಲ. ಮಡಚಿ ಮಡಚಿ ಹೆಬ್ಬೆರಳು ಗಟ್ಟಿಯಾಗಿದೆ.

ಮನೆಯ ಮೂರನೆಯವರ ವಿಷಯಕ್ಕೆ ಬರುತ್ತೇನೆ. ಅಂಗೈಯಲ್ಲಿ ಕೂರುವ, ಇಲಿಯಂಥ ಒಂದು ಹ್ಯಾಮ್‌ಸ್ಟರಿಗೆ ಯಜಮಾನರು ಎಂದು ಹೆಸರಿಟ್ಟವರು ನೀವು. "ಮನೇಲಿ ಎಲ್ರೂ ಇದರ ಸೇವೆ ಮಾಡ್ತಾರೆ, ಇದು ಮಾತ್ರ ಯಾರ ಮಾತೂ ಕೇಳಲ್ಲ. ಮತ್ತೆ ಯಜಮಾನರು ಯಾರು?" ಎಂದು ನಾನು ಈ ಮನೆಗೆ ಬಂದ ಹೊಸತರಲ್ಲಿ ನೀವು ಹೇಳಿದ್ದು. ಹೋಗುವ ದಿನ ನಿಮ್ಮ ಚೀಲ ಎತ್ತಿಕೊಳ್ಳುವ ಮುಂಚೆ ಅದನ್ನು ತಂದು ನನ್ನ ಕೈಯಲ್ಲಿಟ್ಟಿರಿ. ನಾವಿಬ್ಬರು ಆಗಿನ್ನೂ ಸರಿಯಾಗಿ ಮಾತಾಡಿಕೊಂಡವರೂ ಅಲ್ಲ. ನೀವು ಒಂಟಿಯಾಗಿದ್ದಾಗಿನಿಂದ ನಿಮ್ಮ ಜೊತೆಗಿದ್ದ ಜೀವ ಅದು. ನನ್ನ ಕೈಯಲ್ಲಿ ಅದಕ್ಕೆ ಏನಾದರೂ ಆಗಿ, ಇವಳು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ನಿಮ್ಮ ಮನಸ್ಸಿನ ಒಂದು ಮೂಲೆಯಲ್ಲಿ ಕೂತುಬಿಟ್ಟರೆ ನಾನೇನು ಮಾಡಲಿ? ಇದೊಂದೇ ಹೆದರಿಕೆ ನನಗೆ.

ಯಜಮಾನರಿಗೆ ವಯಸ್ಸಾಗಿದೆ. ನೀವು ಹೋದಾಗ ಬೆನ್ನ ಮೇಲೆ ಒತ್ತಾಗಿದ್ದ ಕಂದು ಕೂದಲು ಈಗ ತೆಳುವಾಗಿ ಕೆಳಗಿನ ಗುಲಾಬಿ ಚರ್ಮ ಕಾಣುತ್ತದೆ. ಓಡಲೆಂದು ಗೂಡಿನಲ್ಲಿಟ್ಟ ಗಾಲಿಗೆ ಹತ್ತುತ್ತಾರೆ, ಓಡುವುದಿಲ್ಲ. ಅದರೊಳಗೆ ಕೂತು, ಯಾಕೆ ಹತ್ತಿದೆನೋ ಎಂದು ಯೋಚಿಸಿ ಇಳಿಯುತ್ತಾರೆ. ಗೂಡಿನ ಮಹಡಿಯಿಂದ ಒಮ್ಮೆ ಜಾರಿ ಬಿದ್ದದ್ದು ನೋಡಿ ಆ ಅಂತಸ್ತನ್ನೇ ತೆಗೆದೆ. ರಟ್ಟಿನಲ್ಲಿ ಗಿಡ್ಡ ಗೋಡೆಯ ಒಂದು ಮನೆ ಮಾಡಿಕೊಟ್ಟಿದ್ದೇನೆ. ಹೊಸಿಲು ಕೂಡ ಇಲ್ಲ, ಎಡವಬಾರದಲ್ಲ. ನೀರಿನ ಬಾಟಲಿಯನ್ನು ಕೆಳಗಿಳಿಸಿ ಕಟ್ಟಿದ್ದೇನೆ. ಕಾಳನ್ನು ನೆನೆಸಿ, ಕ್ಯಾರೆಟ್ ಬೇಯಿಸಿ ಹಿಸುಕಿ ಕೊಡುತ್ತೇನೆ. ಹಲ್ಲು, ಉಗುರು, ಕಣ್ಣಿನ ಪಿಸುರು, ಹಿಕ್ಕೆ ಎಲ್ಲವನ್ನೂ ದಿನಾ ನೋಡುತ್ತೇನೆ. ಹಿಕ್ಕೆ ಗಟ್ಟಿಯಾಗಿದ್ದರೆ ಈ ಮನೆಯಲ್ಲಿ ಆ ದಿನ ಹಬ್ಬ.

ನೀವು ನಂಬುವುದಿಲ್ಲ, ಮಾವನವರೇ ಈಗ ದೊಡ್ಡ ದಾದಿ. ಮೊದಲು "ನಿನ್ನ ಗಂಡನ ಇಲಿ" ಎನ್ನುತ್ತಿದ್ದವರು ಈಗ "ಯಜಮಾನರ ಊಟ ಆಯ್ತೇನಮ್ಮಾ?" ಎಂದು ಕೇಳಿಯೇ ತಾವು ತಟ್ಟೆಯ ಮುಂದೆ ಕೂರುವುದು. ಸೆಕೆಂಡ್ ಮುಳ್ಳು ನೋಡಿಕೊಂಡು ಅದರ ಉಸಿರು ಎಣಿಸುತ್ತಾರೆ. ಚಳಿ ಎಂದು ತಮ್ಮ ಮೇಜಿನ ದೀಪವನ್ನು ಕಿತ್ತು ಗೂಡಿನ ಒಂದು ಮೂಲೆಗೆ ಬಿಸುಪು ತಗಲುವಂತೆ ದೂರದಲ್ಲಿಟ್ಟು, ತಾವು ಮಬ್ಬಿನಲ್ಲಿ ಕಣ್ಣು ಕಿವುಚಿಕೊಂಡು ಕೆಲಸ ಮಾಡುತ್ತಾರೆ. ನಾನು ಬೈದರೆ, "ನನ್ನ ಕಣ್ಣು ನೋಡ್ಬೇಕಾದ್ದೆಲ್ಲ ನೋಡಿದೆ ಬಿಡು" ಎನ್ನುತ್ತಾರೆ.

ಪ್ರತಿ ಭಾನುವಾರ ತೂಕ. ಕೇಕಿನಂಗಡಿಯಾಕೆ ಒಂದು ಹಳೆಯ ತಕ್ಕಡಿ ಕೊಟ್ಟಿದ್ದಾಳೆ. ಯಜಮಾನರನ್ನು ಸ್ಟೀಲ್ ಲೋಟದಲ್ಲಿ ಕೂರಿಸಿ ತೂಗುತ್ತೇವೆ. ವಾರದಿಂದ ವಾರಕ್ಕೆ ಇಳಿಯುತ್ತಲೇ ಇತ್ತು. ಒಂದು ಭಾನುವಾರ ಇದ್ದಕ್ಕಿದ್ದಂತೆ ಏರಿತು. ಮಾವನವರ ಸಂಭ್ರಮ ನೋಡಬೇಕಿತ್ತು. ಗಡಿಯಾರ ಕೊಡಲು ಬಂದವರಿಗೆಲ್ಲ "ನಮ್ಮ ಯಜಮಾನರು ಮೈ ಕೈ ತುಂಬ್ಕೊಂಡಿದ್ದಾರೆ" ಎಂದು ಹೇಳಿದ್ದೇ ಹೇಳಿದ್ದು. ಸಂಜೆಗೆ ಯಜಮಾನರು ಮೂಲೆಗೆ ಹೋಗಿ, ಮುಂಗಾಲಿನಿಂದ ಎರಡೂ ಕೆನ್ನೆ ಒತ್ತಿ, ಒಳಗಿನ ಚೀಲದಲ್ಲಿ ಬಚ್ಚಿಟ್ಟಿದ್ದ ಕಾಳನ್ನೆಲ್ಲ ರಾಶಿ ಹಾಕಿದರು. ಏರಿದ್ದು ತೂಕವಲ್ಲ, ದಾಸ್ತಾನು! ಮಾವನವರ ಮುಖ ಇಷ್ಟೇ ಇಷ್ಟಾಯಿತು. ಅಂದಿನಿಂದ "ಮೊದಲು ಜೇಬು ಖಾಲಿ ಮಾಡ್ಸಮ್ಮ, ಆಮೇಲೆ ತೂಗು" ಎನ್ನುತ್ತಾರೆ.

ಹಾಗೆ ಕೆನ್ನೆ ಮುಟ್ಟಿ ನೋಡುವಾಗಲೇ ನನ್ನ ಬೆರಳಿಗೆ ಮುಂಗಾಲಿನ ಕೆಳಗೆ ಏನೋ ಸಿಕ್ಕಿತು. ಇನ್ನೊಂದು ಕಾಳು ಬಚ್ಚಿಟ್ಟಿದೆ ಕಳ್ಳ ಎಂದುಕೊಂಡು ಮೆಲ್ಲನೆ ಒತ್ತಿದೆ. ಅದು ಸರಿಯಲಿಲ್ಲ. ಅದು ಕಾಳಲ್ಲ, ಗಂಟು. ಆಗ ಹೆಸರುಕಾಳಿನಷ್ಟಿದ್ದದ್ದು ಈಗ ಕಡಲೆಕಾಳಿನಷ್ಟಾಗಿದೆ.

ಗಂಟು ದಪ್ಪವಾದ ಹಾಗೆ ಊಟ ಕಡಿಮೆಯಾಗಿ, ಈ ವಾರ ಊಟವನ್ನೇ ಬಿಟ್ಟುಬಿಟ್ಟರು. ನಾನು ಓಡಿದ್ದು ಬೀದಿಯ ಕೊನೆಯ ಔಷಧಿ ಅಂಗಡಿಗೆ. ನನ್ನ ಸಂಕೋಚ ನಿಮಗೆ ಗೊತ್ತು, ನಾಲ್ಕು ಜನರ ಮುಂದೆ ಮಾತಾಡುವವಳಲ್ಲ ನಾನು. ತಲೆ ತಗ್ಗಿಸಿಕೊಂಡು ಒಂದೇ ಉಸಿರಿಗೆ ಹೇಳಿದೆ: "ನಮ್ಮ ಯಜಮಾನರು ಏನೂ ತಿಂತಿಲ್ಲ, ಮೂಲೇಲಿ ಮುದುರ್ಕೊಂಡು ಮಲಗಿದ್ದಾರೆ, ಮುಟ್ಟೋಕೆ ಹೋದ್ರೆ ಕಚ್ಚೋಕೆ ಬರ್ತಾರೆ." ಅಂಗಡಿಯವನು ಬರೆಯುತ್ತಿದ್ದ ಪೆನ್ನು ಹಾಗೇ ಹಿಡಿದುಕೊಂಡು ನೋಡಿದ. "ಕುಡೀತಾರಾ?" ಎಂದ. ನಾನು ಪ್ರಾಮಾಣಿಕವಾಗಿ, "ಕುಡೀತಾರೆ, ಬಾಟಲಿ ಕೆಳಗೆ ಕಟ್ಟಿದ್ದೀನಿ, ಮಲಗಿದ್ದಲ್ಲೇ ಸಿಗೋ ಹಾಗೆ" ಎಂದೆ. ಹಿಂದೆ ನಿಂತಿದ್ದ ಎದುರುಮನೆ ದೊಡ್ಡಮ್ಮ "ಅಯ್ಯೋ ನನ್ ಕಂದಾ!" ಎಂದು ನನ್ನ ತಲೆ ಸವರಿದರು. ನಾನು ಆಗಲೂ ಅರ್ಥ ಮಾಡಿಕೊಳ್ಳಲಿಲ್ಲ. ಎಷ್ಟು ಒಳ್ಳೆಯವರು, ಒಂದು ಹ್ಯಾಮ್‌ಸ್ಟರಿಗೆ ಇಷ್ಟು ಮರುಗುತ್ತಾರಲ್ಲ ಎಂದುಕೊಂಡೆ.

ಸಂಜೆ ದೊಡ್ಡಮ್ಮ ಪಾತ್ರೆ ತುಂಬ ಬಿಸಿ ಗಂಜಿ ಹಿಡಿದು ಬಂದರು. "ಯಾವಾಗ ಬಂದ ಅವನು? ಸುದ್ದೀನೇ ಇಲ್ಲ. ಕಚ್ಚೋ ಗಂಡಸನ್ನ ನೀನೊಬ್ಬಳೇ ನೋಡ್ಕೋಬೇಡ, ನಿಮ್ಮಮ್ಮನ್ನ ಕರೆಸ್ಕೋ" ಎಂದು ಪಿಸುಗುಟ್ಟಿದರು. ಮಾವನವರು ಒಳಗಿನಿಂದ "ಯಜಮಾನರು ಗೂಡಲ್ಲಿದ್ದಾರೆ, ಬಂದು ನೋಡಿ" ಎಂದು ಕೂಗಿದ್ದೇ ತಡ, ದೊಡ್ಡಮ್ಮ ಗೋಡೆ ಹಿಡಿದುಕೊಂಡರು. ಆಮೇಲೆ ನೋಡಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ಅವನಿಗೇ ಕುಡಿಸು" ಎಂದು ಗಂಜಿ ಬಿಟ್ಟುಹೋದರು. ಯಜಮಾನರು ಚಮಚದ ತುದಿಯಲ್ಲಿ ಎರಡು ಸಲ ನೆಕ್ಕಿದರು, ಮಿಕ್ಕದ್ದು ಮಾವನವರು. ಆದರೆ ಬೀದಿಯಲ್ಲಿ ಸುದ್ದಿ ಹಬ್ಬಿಯಾಗಿದೆ. ನಿಮ್ಮಲ್ಲಿಗೆ ಸಾಮಾನು ತರುವ ಲಾರಿ ಡ್ರೈವರಣ್ಣ ಬಂದು ನಿಮಗೆ ಹುಷಾರಿಲ್ಲವಂತೆ ಎಂದು ನಿಮಗೇ ಹೇಳಿದರೆ ಗಾಬರಿಯಾಗಬೇಡಿ.

ಮಾರನೆಯ ದಿನ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆವು. ಕೇಕಿನ ಡಬ್ಬಿಗೆ ತೂತು ಮಾಡಿ, ಪೇಪರ್ ಹರಿದು ಹಾಸಿ, ಅದರಲ್ಲಿ ಯಜಮಾನರು. ಬೆಂಚಿನ ತುಂಬ ನಾಯಿ, ಬೆಕ್ಕು. ಹೆಸರು ಕೇಳಿದ ಕಾಂಪೌಂಡರ್ ಹಾಗೇ ಬರೆದುಕೊಂಡಿದ್ದ. ಬಾಗಿಲಿಗೆ ಬಂದು "ಯಜಮಾನರು ಬನ್ನಿ" ಎಂದು ಕೂಗಿದ. ದೊಡ್ಡ ನಾಯಿ ಹಿಡಿದಿದ್ದ ಮೀಸೆಯವರೊಬ್ಬರು ಎದ್ದರು. ಬೆಕ್ಕಿನ ಬುಟ್ಟಿಯವರೂ ಎದ್ದರು. ಮಾವನವರು ಡಬ್ಬಿ ಎತ್ತಿಕೊಂಡು, "ನೀವೆಲ್ಲ ಕೂತ್ಕೊಳ್ಳಿ ಸ್ವಾಮಿ, ಯಜಮಾನರು ಇದರೊಳಗಿದ್ದಾರೆ" ಎಂದು ಗಂಭೀರವಾಗಿ ನಡೆದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗೆ ನಗುವ ವಿಷಯವಿರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಮುಟ್ಟಿ ನೋಡಿದರು. ಹ್ಯಾಮ್‌ಸ್ಟರಿಗೆ ಎರಡು ವರ್ಷ ದಾಟಿದರೆ ಮುಪ್ಪು, ಇದು ದಾಟಿ ಬಹಳವಾಗಿದೆ, ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದರು. (ಇದನ್ನು ನಾನು ಸೇರಿಸಿದ್ದಲ್ಲ, ಅವರೇ ಹೇಳಿದ್ದು.) ಗಂಟನ್ನು ಕೊಯ್ದು ತೆಗೆಯಬಹುದು. ಆದರೆ ಮತ್ತು ಬರುವ ಔಷಧಿ ಕೊಟ್ಟ ಮೇಲೆ ಈ ವಯಸ್ಸಿನಲ್ಲಿ ಏಳುತ್ತದೆ ಎಂದು ಹೇಳಲಾರೆ, ಎದ್ದರೆ ಇನ್ನಷ್ಟು ದಿನ ಸಿಗುತ್ತದೆ ಎಂದರು. ಕೊಯ್ಯದಿದ್ದರೆ ನೋವಿಗೆ ಹನಿ ಕೊಡುತ್ತಾರೆ. ಇರುವಷ್ಟು ದಿನ ನಮ್ಮ ಜೊತೆ, ನೆಮ್ಮದಿಯಾಗಿ. ತಿನ್ನಲು ಆಗದಷ್ಟು, ಉಸಿರಾಡಲು ಆಗದಷ್ಟು ಕಷ್ಟವಾದರೆ ತಡಮಾಡದೆ ತರಬೇಕು. ಕೊಯ್ಯುವುದಾದರೆ ಮೈಯಲ್ಲಿ ಶಕ್ತಿ ಇರುವಾಗ, ಈ ವಾರದೊಳಗೇ. "ಯೋಚ್ನೆ ಮಾಡಿ ಹೇಳಿ" ಎಂದರು. ಮಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಅವನ್ನ ಕೇಳ್ಬೇಕು" ಎಂದು ಅವರು, "ಅವರನ್ನ ಕೇಳ್ಬೇಕು" ಎಂದು ನಾನು, ಇಬ್ಬರೂ ಒಟ್ಟಿಗೆ ಹೇಳಿದೆವು. ಅವನೂ ಅವರೂ ನೀವೇ.

ಹನಿ ಹಾಕಿದ ಮೇಲೆ ಈಗ ಸ್ವಲ್ಪ ತಿನ್ನುತ್ತಿದ್ದಾರೆ. ಮೊನ್ನೆಯಿಂದ ನಾನು ಫೋನ್ ಹಿಡಿದುಕೊಂಡು ಮಹಡಿ ಹತ್ತಿ ಇಳಿದದ್ದೇ ಆಯಿತು. ನಾಳೆ ಬೆಳಿಗ್ಗೆ ನಿಮ್ಮ ಕಡೆಗೆ ಸಾಮಾನಿನ ಲಾರಿ ಹೊರಡುತ್ತದೆ. ಡ್ರೈವರಣ್ಣನ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಕೊಯ್ಯಿಸಲೋ ಬೇಡವೋ, ಒಂದು ಚೂರು ಕಾಗದದಲ್ಲಿ ಬರೆದು ಅವರ ಕೈಯಲ್ಲೇ ಕಳಿಸಿ. ನೀವು ಹೇಳಿದ ಹಾಗೆ ಮಾಡುತ್ತೇವೆ.

ಮಾವನವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಎತ್ತರದಲ್ಲಿ ಕೂತಿರುವಾಗ ಬೀಡಿ ಹಚ್ಚಬೇಡ ಎಂದೂ ಹೇಳಿದ್ದಾರೆ. ದೊಡ್ಡಮ್ಮ ಕೇಳಿದೆನೆಂದು ಹೇಳು ಎಂದರು. ನೀರು ಕಾಯಿಸಿ ಕುಡಿಯಿರಿ. ನನ್ನ ಬಗ್ಗೆ ಚಿಂತೆ ಬೇಡ.

ಇಂತಿ,
ಯಜಮಾನರ ಊಟ ಉಪಚಾರ ನೋಡಿಕೊಂಡಿರುವ
ನಿಮ್ಮ ಮನೆಯಾಕೆ

ವಿ. ಸೂ.: ಸೋಮವಾರ ಬೆಳಿಗ್ಗೆ ಲಾರಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡಿ. ಬೆಳಿಗ್ಗೆ ಯಜಮಾನರು ತಾವಾಗಿಯೇ ನನ್ನ ಅಂಗೈಗೆ ಹತ್ತಿ, ಹಿಡಿದ ಕಾಳನ್ನು ತಿನ್ನುತ್ತಾ ತಿನ್ನುತ್ತಾ ಹಾಗೇ ನಿದ್ದೆ ಹೋದರು. ಇವರನ್ನು ಗುರುತಿಲ್ಲದ ಮೇಜಿನ ಮೇಲೆ ಮಲಗಿಸುವುದು ನನ್ನಿಂದಾಗದು ಅನ್ನಿಸಿತು. ಈ ಭಾರವನ್ನು ಅಷ್ಟು ಎತ್ತರದಲ್ಲಿ ಕೂತು ಕೆಲಸ ಮಾಡುವ ನಿಮ್ಮ ತಲೆಯ ಮೇಲೆ ಹಾಕುವುದೂ ಸರಿ ಕಾಣಲಿಲ್ಲ. ಇಲ್ಲಿಗೆ ಬರುವ ದಾರಿಯಲ್ಲಿ ಆಸ್ಪತ್ರೆಯೊಳಗೆ ಹೋಗಿ, ಅಷ್ಟು ಜನರ ಮುಂದೆ ನಾನೇ ಡಾಕ್ಟರಮ್ಮನಿಗೆ ಹೇಳಿದೆ, "ಕೊಯ್ಯೋದು ಬೇಡ, ಮನೇಲಿ ಇರ್ಲಿ" ಎಂದು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಮಾವನವರ ಮೇಲೆ ಬೇಡ. ಮನೆಯಿಂದ ಹೊರಡುವ ಮುಂಚೆ ಇದನ್ನು ಹೇಳಿದಾಗ ಅವರು ಎದ್ದು ಹೋಗಿ ನನಗೆ ಚಹಾ ಮಾಡಿಕೊಟ್ಟರು. ಇನ್ನೊಂದು. ಇವು ಕಣ್ಣಿಗಿಂತ ಮೂಗಿನಿಂದಲೇ ಜನರನ್ನು ಗುರುತು ಹಿಡಿಯುತ್ತವಂತೆ, ಡಾಕ್ಟರಮ್ಮ ಹೇಳಿದರು. ನೀವು ಬರಲಾಗದಿದ್ದರೂ ಪರವಾಗಿಲ್ಲ, ನೀವು ಹಾಕಿಕೊಂಡ ಬನಿಯನ್ ಡ್ರೈವರಣ್ಣನ ಕೈಯಲ್ಲಿ ಕಳಿಸಿ, ಹಾಸಿ ಮಲಗಿಸುತ್ತೇನೆ. ಒಗೆಯಬೇಡಿ. ಎರಡು ಕಳಿಸಿ. ಯಜಮಾನರಿಗೆ ಒಂದು ಸಾಕು.